ರಂಗ ಪ್ರಶ್ನೋತ್ತರ: ವೃತ್ತದಲ್ಲಿ ನಿಂತಾಗ ಗಮನ ಎಲ್ಲಿರಬೇಕು?

ಮೊದಲೇ ಬರೆದಿಟ್ಟ ಮಾತಿಲ್ಲದೆ ಆ ಗಳಿಗೆಯಲ್ಲೇ ಕಟ್ಟುವ ನಾಟಕಕ್ಕೆ ರಂಗತಂಡಗಳಲ್ಲಿ ಇಂಪ್ರೊವ್ ಎನ್ನುವುದು ರೂಢಿ. ಅಂಥ ತಂಡಗಳು ತಾಲೀಮಿಗೆ ಮುಂಚೆ ಆಡುವ ಗುಂಪು ಆಟಗಳ ಬಗ್ಗೆ ಈ ಸಲ ಬಂದ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೆಲವಕ್ಕೆ ಉದ್ದವಾಗಿ, ಕೆಲವಕ್ಕೆ ಎರಡೇ ಮಾತಿನಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ತಂಡದಲ್ಲಿ ಹತ್ತು ಜನ. ಪ್ರತಿ ತಾಲೀಮಿಗೂ ಮೊದಲು ಹದಿನೈದು ನಿಮಿಷ 'ಜಿಪ್, ಜ್ಯಾಪ್, ಜಾಪ್' ಆಡುತ್ತೇವೆ. ಈಗೀಗ ಎಲ್ಲರೂ ಮಿಂಚಿನಂತೆ ಆಡುತ್ತಾರೆ. ಆದರೆ ದೃಶ್ಯ ಶುರುವಾದ ಕೂಡಲೇ ಒಬ್ಬರ ಮಾತು ಇನ್ನೊಬ್ಬರ ಕಿವಿಗೇ ಬೀಳುವುದಿಲ್ಲ. ಆಟದಲ್ಲಿದ್ದ ಗಮನ ದೃಶ್ಯಕ್ಕೆ ಯಾಕೆ ಬರುತ್ತಿಲ್ಲ?

ಉತ್ತರ: ಆಟ ನಿಮಗೆ ಬಾಯಿಪಾಠ ಆಗಿಹೋಗಿದೆ. ವೃತ್ತದಲ್ಲಿ ಒಬ್ಬರು ಇನ್ನೊಬ್ಬರತ್ತ ಕೈ ಚಾಚಿ 'ಜಿಪ್' ಎನ್ನುವುದು, ಅವರು ಮತ್ತೊಬ್ಬರಿಗೆ 'ಜ್ಯಾಪ್', ಅವರು ಮುಂದಿನವರಿಗೆ 'ಜಾಪ್': ಮೂರೇ ಪದ, ಒಂದೇ ಕ್ರಮ. ಸ್ವಲ್ಪ ದಿನ ಕಳೆದರೆ ಎದುರಿನವರ ಮುಖ ನೋಡದೆಯೂ ಆಡಬಹುದು. ವೇಗ ಏರಿದಾಗ ಗಮನವೂ ಏರಿದಂತೆ ಕಾಣುತ್ತದೆ. ನಿಜಕ್ಕೂ ಏರಿರುವುದು 'ನನ್ನ ಸರದಿ ಬಂದಾಗ ನಾನು ತಡವರಿಸಬಾರದು' ಎಂಬ ಆತಂಕ. ಅದು ತನ್ನ ಮೇಲೆ ತಾನೇ ಇಟ್ಟ ಕಾವಲು. ದೃಶ್ಯದಲ್ಲಿ ಬೇಕಾಗುವುದು ಜೊತೆಗಾರನ ಮೇಲಿನ ಗಮನ. ಈ ಎರಡನ್ನೂ ಒಂದೇ ಎಂದು ತಿಳಿದಿರುವ ತಂಡ ಎಷ್ಟು ಆಟ ಆಡಿದರೂ ಉಪಯೋಗ ಕಾಣುವುದಿಲ್ಲ. ಮುಂದಿನ ಹಲವು ಉತ್ತರಗಳಲ್ಲೂ ಈ ಮಾತು ತಿರುತಿರುಗಿ ಬರುತ್ತದೆ.

ಒಂದಷ್ಟು ದಿನ ವೇಗದ ಮಾತೇ ಬೇಡ. ಕಳಿಸುವವರು ಮೊದಲು ಒಬ್ಬರ ಮೇಲೆ ಕಣ್ಣು ನಿಲ್ಲಿಸಲಿ, ಆಮೇಲೆ ಜೋಡಿಸಿದ ಅಂಗೈಗಳನ್ನು ಅವರತ್ತ ಚಾಚಿ ಪದ ಹೇಳಲಿ. ಹೆಚ್ಚಿನ ತಂಡಗಳಲ್ಲಿ ಇದು ತಿರುಗುಮುರುಗಾಗಿರುತ್ತದೆ: ಕೈ ಮೊದಲು ಹೋಗುತ್ತದೆ, ಕಣ್ಣು ಹಿಂದಿನಿಂದ ಬರುತ್ತದೆ. ಮೊಣಕೈಗಳನ್ನು ಗಮನಿಸಿದರೆ ಇದು ಸಿಕ್ಕಿಬೀಳುತ್ತದೆ. ಮೊಣಕೈ ಸೊಂಟಕ್ಕೆ ಅಂಟಿಕೊಂಡಿದ್ದರೆ ಕೈ ಯಾರತ್ತಲೂ ಸರಿಯಾಗಿ ತೋರುವುದಿಲ್ಲ, ಅಕ್ಕಪಕ್ಕದ ಇಬ್ಬರು ಒಟ್ಟಿಗೆ 'ಜ್ಯಾಪ್' ಅನ್ನುತ್ತಾರೆ, ತಪ್ಪು ಅವರ ತಲೆಗೆ ಬರುತ್ತದೆ. ಅಲ್ಲಿ ಎಡವಿದವರು ಕಳಿಸಿದವರು. ತೋಳು ಪೂರ್ತಿ ಚಾಚಿ, ಅರ್ಧ ಹೆಜ್ಜೆ ಮುಂದಿಟ್ಟು ಕಳಿಸಿದರೆ ಈ ಗೊಂದಲ ತಾನಾಗಿ ನಿಲ್ಲುತ್ತದೆ.

ಪಡೆಯುವವರಿಗೂ ಒಂದು ಕೆಲಸವಿದೆ. ಬಂದದ್ದನ್ನು ಕೂಡಲೇ ಇನ್ನೊಬ್ಬರಿಗೆ ದಾಟಿಸಬಾರದು. ಕಳಿಸಿದವರ ಕಣ್ಣು ನೋಡಿ, ಒಂದು ಉಸಿರು ಒಳಗೆಳೆದುಕೊಂಡು, ಆಮೇಲೆ ಮುಂದಿನವರನ್ನು ಆರಿಸಬೇಕು. ಇದರಿಂದ ಆಟ ಅರ್ಧಕ್ಕರ್ಧ ನಿಧಾನವಾಗುತ್ತದೆ. ಆಗಲಿ. ಎರಡು ನಿಮಿಷದ ಹೊತ್ತಿಗೆ ವೇಗ ಮತ್ತೆ ಏರತೊಡಗುತ್ತದೆ, ಈ ಸಲ ಒಬ್ಬರನ್ನೊಬ್ಬರು ನೋಡುತ್ತಲೇ ಏರುತ್ತದೆ.

ಹದಿನೈದು ನಿಮಿಷ ತೀರಾ ಜಾಸ್ತಿ. ಐದು ನಿಮಿಷಕ್ಕೆ ನಿಲ್ಲಿಸಿ, ಉಳಿದ ಹೊತ್ತಿನಲ್ಲಿ 'ಶಬ್ದದ ಚೆಂಡು' ಆಡಿ. ಒಬ್ಬರು ಯಾವುದೋ ಒಂದು ಶಬ್ದ ಮಾಡುತ್ತ ಅದಕ್ಕೊಪ್ಪುವ ಕೈಸನ್ನೆಯೊಂದಿಗೆ ಇನ್ನೊಬ್ಬರಿಗೆ ಎಸೆಯುತ್ತಾರೆ. ಹಿಡಿದವರು ಅದೇ ಶಬ್ದವನ್ನು ಅದೇ ಸನ್ನೆಯೊಂದಿಗೆ ಮಾಡಿ ತೋರಿಸಿ, ನಂತರ ಹೊಸ ಶಬ್ದವೊಂದನ್ನು ಮತ್ತೊಬ್ಬರಿಗೆ ಎಸೆಯುತ್ತಾರೆ. ಇಡೀ ಆಟದ ಜೀವ ಆ ಮರುಶಬ್ದದಲ್ಲಿದೆ. ತನ್ನ ಹೊಸ ಶಬ್ದವನ್ನು ಮೊದಲೇ ಮನಸ್ಸಿನಲ್ಲಿ ಸಿದ್ಧ ಮಾಡಿಟ್ಟುಕೊಂಡವರು ಬಂದ ಶಬ್ದವನ್ನು ಕಾಟಾಚಾರಕ್ಕೆ ಒಪ್ಪಿಸುತ್ತಾರೆ; ದನಿಯ ಏರಿಳಿತ ಹೋಗಿರುತ್ತದೆ, ಸನ್ನೆ ಸಣ್ಣದಾಗಿರುತ್ತದೆ. ಹಾಗೆ ಕಂಡಾಗ ಆಟ ನಡೆಸುವವರು 'ಇನ್ನೊಮ್ಮೆ ಎಸೆಯಿರಿ, ಇನ್ನೊಮ್ಮೆ ಹಿಡಿಯಿರಿ' ಎನ್ನಲಿ. ಅಷ್ಟೇ ಸಾಕು, ವಿವರಣೆ ಬೇಡ.

ಪ್ರಶ್ನೆ: ಇಪ್ಪತ್ತರವರೆಗೆ ಎಣಿಸುವ ಆಟ ನಮ್ಮಲ್ಲಿ ಏಳು, ಎಂಟರ ಮೇಲೆ ಹೋಗುವುದೇ ಇಲ್ಲ. ಕೆಲವರು ಬೇಸತ್ತು ಕಣ್ಸನ್ನೆ ಮಾಡಿಕೊಂಡು ಮುಗಿಸಿಬಿಡುತ್ತಾರೆ. ಸರಿಯಾಗಿ ಆಡಿಸುವುದು ಹೇಗೆ?

ಉತ್ತರ: ನಿಯಮ ಇಷ್ಟೇ. ಎಲ್ಲರೂ ವೃತ್ತದಲ್ಲಿ ನಿಂತು ಒಂದರಿಂದ ಇಪ್ಪತ್ತರವರೆಗೆ ಎಣಿಸಬೇಕು. ಒಂದು ಸಂಖ್ಯೆಯನ್ನು ಒಬ್ಬರೇ ಹೇಳಬೇಕು, ಯಾರು ಯಾವಾಗ ಎಂಬುದು ಮೊದಲೇ ಗೊತ್ತಿರಬಾರದು, ಒಬ್ಬರೇ ಸಾಲಾಗಿ ಎರಡು ಸಂಖ್ಯೆ ಹೇಳುವಂತಿಲ್ಲ. ಇಬ್ಬರ ದನಿ ಒಟ್ಟಿಗೆ ಬಂದರೆ ಮತ್ತೆ ಒಂದರಿಂದ.

ಏಳೆಂಟರಲ್ಲಿ ಮುರಿಯುವ ತಂಡಗಳ ಕಷ್ಟ ಸಾಮಾನ್ಯವಾಗಿ ಸಂಖ್ಯೆಯಲ್ಲಿ ಇರುವುದಿಲ್ಲ, ಮೌನದಲ್ಲಿ ಇರುತ್ತದೆ. ಎರಡು ಸಂಖ್ಯೆಗಳ ನಡುವಿನ ಮೌನವನ್ನು ಯಾರೋ ಒಬ್ಬರು ತುಂಬಲೇಬೇಕು ಎಂದು ಇಬ್ಬರು ಮೂವರಿಗೆ ಒಟ್ಟಿಗೆ ಅನ್ನಿಸುತ್ತದೆ. ಆ ಮೌನ ಯಾರ ಸೋಲೂ ಅಲ್ಲ ಎಂದು ಮೊದಲೇ ಹೇಳಿಬಿಡಿ. ನಾಲ್ಕೈದು ಸೆಕೆಂಡು ಯಾರೂ ಮಾತಾಡದಿದ್ದರೂ ಸರಿ.

ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಲ್ಲಿಸಿ (ಮುಟ್ಟುವುದು ಬೇಡವೆನ್ನುವವರು ಇದ್ದರೆ ಒಂದು ಗೇಣು ಬಿಟ್ಟು). ನೋಟ ವೃತ್ತದ ನಡುವಿನ ನೆಲದ ಮೇಲಿರಲಿ. ಕಣ್ಣು ಮುಚ್ಚಿಸುವವರೂ ಇದ್ದಾರೆ. ಹೊಸಬರ ತಂಡಕ್ಕೆ ನೆಲ ನೋಡಿಸುವುದು ವಾಸಿ, ಯಾಕೆಂದರೆ ಕಣ್ಣು ಮುಚ್ಚಿದ ಕೂಡಲೇ ಕೆಲವರು ತಮ್ಮೊಳಗೇ ಇಳಿದುಬಿಡುತ್ತಾರೆ. ನೆಲ ನೋಡುತ್ತಿದ್ದರೆ ಕಣ್ಸನ್ನೆಗೂ ಅವಕಾಶವಿರುವುದಿಲ್ಲ. ಶುರು ಮಾಡುವ ಮೊದಲು ಎಲ್ಲರೂ ಮೂರು ಉಸಿರು ಒಟ್ಟಿಗೆ ಬಿಡಲಿ. ಒಬ್ಬರು ಮಾತಾಡುವ ಮುಂಚೆ ಎಳೆದುಕೊಳ್ಳುವ ಉಸಿರಿನ ಸದ್ದು ಪಕ್ಕದವರಿಗೆ ಕೇಳಿಸುತ್ತದೆ. ಅದನ್ನು ಕೇಳಿಸಿಕೊಳ್ಳಲು ಕಲಿತ ತಂಡ ಇಪ್ಪತ್ತನ್ನು ಮುಟ್ಟುತ್ತದೆ.

ಎಡವುವ ಇನ್ನೊಂದು ಜಾಗ, ದನಿ ಜೋರಿರುವ ಇಬ್ಬರು ಮೂವರೇ ಆಟ ನಡೆಸುವುದು. ಅವರಿಗೆ 'ಸುಮ್ಮನಿರಿ' ಎಂದರೆ ಪೂರ್ತಿ ಸುಮ್ಮನಾಗುತ್ತಾರೆ, ಅದೂ ಸರಿಯಲ್ಲ. ಇಡೀ ಗುಂಪಿಗೆ 'ಒಬ್ಬರಿಗೆ ಮೂರೇ ಅವಕಾಶ' ಎಂಬ ಮಿತಿ ಹಾಕಿ. ಹತ್ತು ಜನರಿದ್ದರೆ ಮೂವತ್ತು ಅವಕಾಶ, ಬೇಕಾದದ್ದು ಇಪ್ಪತ್ತು. ಆಟ ಮುಗಿಯಲು ಮೌನಿಗಳೂ ಬಾಯಿ ತೆರೆಯಲೇಬೇಕು, ಯಾರ ಹೆಸರನ್ನೂ ಹೇಳಿದಂತಾಗುವುದಿಲ್ಲ. ಸಂಖ್ಯೆ ಎಡದಿಂದ ಬಲಕ್ಕೆ ಸಾಲಾಗಿ ಹೋಗತೊಡಗಿದರೆ ಮಾತ್ರ ಕೂಡಲೇ ನಿಲ್ಲಿಸಿ. ಅದು ಸರದಿ, ಆಲಿಸುವಿಕೆ ಅಲ್ಲ.

ತಂಡದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ಇಪ್ಪತ್ತು ಕಷ್ಟ. ಜನ ಹೆಚ್ಚಿದಷ್ಟೂ ಒಂದೇ ಗಳಿಗೆಗೆ ಇಬ್ಬರು ಬಾಯಿ ತೆರೆಯುವ ಸಾಧ್ಯತೆ ಹೆಚ್ಚುತ್ತದೆ. ಅಂಥ ಕಡೆ ಗುರಿಯನ್ನು ಹತ್ತಕ್ಕೆ ಇಳಿಸಿ, ಅಥವಾ ಎರಡು ವೃತ್ತ ಮಾಡಿ. ಆರು ಸಲ ಮುರಿದ ಮೇಲೆ ಆವತ್ತಿಗೆ ಬಿಟ್ಟುಬಿಡಿ. ಮುರಿದಾಗಲೆಲ್ಲ 'ಅಯ್ಯೋ' ಎಂದು ನರಳುವ ಚಾಳಿ ಬೆಳೆಯಗೊಡಬೇಡಿ. ಆ ನರಳಿಕೆ ಮುಂದಿನ ಸುತ್ತಿನ ಮೊದಲ ಮೂರು ಸಂಖ್ಯೆಗಳನ್ನು ಹಾಳು ಮಾಡುತ್ತದೆ. ಮುರಿಯಿತೇ, ಉಸಿರು ಬಿಡಿ, ಒಂದು.

ಪ್ರಶ್ನೆ: ನಮ್ಮ ಶಿಬಿರದಲ್ಲಿ ಇಪ್ಪತ್ತನಾಲ್ಕು ಜನ. ತಪ್ಪಿದವರನ್ನು ಆಟದಿಂದ ಹೊರಗೆ ಕಳಿಸುತ್ತೇವೆ. ಹೊರಗೆ ಕೂತವರು ಮೊಬೈಲ್ ಹಿಡಿಯುತ್ತಾರೆ. ಏನು ಮಾಡುವುದು?

ಉತ್ತರ: ಹೊರಗೆ ಕಳಿಸಬೇಡಿ. ಗಮನ ಕಡಿಮೆ ಇರುವವರೇ ಮೊದಲು ತಪ್ಪುತ್ತಾರೆ. ಅಭ್ಯಾಸ ಹೆಚ್ಚು ಬೇಕಾದವರಿಗೇ ಅಭ್ಯಾಸ ಇಲ್ಲವಾಗುತ್ತದೆ. ಇಪ್ಪತ್ತನಾಲ್ಕನ್ನು ಹನ್ನೆರಡರ ಎರಡು ವೃತ್ತ ಮಾಡಿ. ವೃತ್ತಕ್ಕೆ ಎಂಟರಿಂದ ಹನ್ನೆರಡು ಜನ ಹದವಾದ ಲೆಕ್ಕ. ಅದಕ್ಕಿಂತ ಕಡಿಮೆಯಾದರೆ ಸರದಿ ಬೇಗ ಬಂದು ಉಸಿರಾಡಲು ಬಿಡುವಿರುವುದಿಲ್ಲ, ಹೆಚ್ಚಾದರೆ ಕಾಯುವುದೇ ಕೆಲಸ. ಎರಡೂ ವೃತ್ತಗಳ ನಡುವೆ ಎಂಟು ಹತ್ತು ಅಡಿ ಅಂತರವಿರಲಿ, ಇಲ್ಲದಿದ್ದರೆ ಒಂದರ ಸದ್ದು ಇನ್ನೊಂದಕ್ಕೆ ನುಗ್ಗುತ್ತದೆ. ಗಮನ ಕುದುರಿದ ಮೇಲೆ ಬೇಕೆಂದೇ ಅಂತರ ಕಡಿಮೆ ಮಾಡಿ ನೋಡಬಹುದು, ಆ ಗದ್ದಲವೇ ಮುಂದಿನ ಮೆಟ್ಟಿಲಾಗುತ್ತದೆ.

ಪ್ರಶ್ನೆ: ಒಟ್ಟಿಗೆ ಮೂರು ನಾಲ್ಕು 'ಸರಣಿ'ಗಳನ್ನು ಓಡಿಸುವ ವೃತ್ತದ ಆಟದ ಬಗ್ಗೆ ಕೇಳಿದ್ದೇವೆ. ಪ್ರಯತ್ನಿಸಿದಾಗ ಒಂದು ನಿಮಿಷದೊಳಗೆ ಎಲ್ಲ ಕಲಸುಮೇಲೋಗರವಾಯಿತು. ಹೆಜ್ಜೆ ಹೆಜ್ಜೆಯಾಗಿ ತಿಳಿಸಿ.

ಉತ್ತರ: ಗುಂಪಿನ ಗಮನಕ್ಕೆ ಒಂದೇ ಆಟ ಆರಿಸಿ ಎಂದರೆ ನಾವು ಇದನ್ನೇ ಆರಿಸುತ್ತೇವೆ. ಅವಸರದಲ್ಲಿ ಕಟ್ಟಿದರೆ ಕುಸಿಯುತ್ತದೆ, ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇವೆ. ಹತ್ತು ಜನರ ಲೆಕ್ಕ ಇಟ್ಟುಕೊಳ್ಳೋಣ.

ಎಲ್ಲರೂ ಒಂದು ಕೈ ಮೇಲೆತ್ತಿ ನಿಲ್ಲಲಿ. ಮೊದಲನೆಯವರು ತನ್ನ ಪಕ್ಕದಲ್ಲಿಲ್ಲದ ಒಬ್ಬರನ್ನು ನೋಡಿ ಒಂದು ಬಣ್ಣದ ಹೆಸರು ಹೇಳುತ್ತಾರೆ, 'ನೀಲಿ' ಎನ್ನಿ. ನೀಲಿ ಪಡೆದವರು ಕೈ ಇಳಿಸಿ, ಕೈ ಎತ್ತಿರುವ ಇನ್ನೊಬ್ಬರನ್ನು ಆರಿಸಿ ಬೇರೊಂದು ಬಣ್ಣ ಕೊಡುತ್ತಾರೆ. ಹೀಗೆ ಎಲ್ಲರ ಕೈ ಇಳಿದ ಮೇಲೆ ಕೊನೆಯವರು ಮೊದಲನೆಯವರಿಗೆ ಕೊಡುತ್ತಾರೆ, ಸರಣಿ ಮುಚ್ಚಿತು. ಇನ್ನು ಮುಂದೆ ಕ್ರಮವೂ ಬದಲಾಗುವುದಿಲ್ಲ, ಬಣ್ಣಗಳೂ ಬದಲಾಗುವುದಿಲ್ಲ. ಇಡೀ ಸರಣಿಯನ್ನು ಯಾರೂ ನೆನಪಿಡಬೇಕಿಲ್ಲ. ನನಗೆ ಯಾರು ಏನು ಕೊಡುತ್ತಾರೆ, ನಾನು ಯಾರಿಗೆ ಏನು ಕೊಡುತ್ತೇನೆ, ಇಷ್ಟು ಗೊತ್ತಿದ್ದರೆ ಸಾಕು. ಎಡವದೆ ನಾಲ್ಕು ಸುತ್ತು ಬರುವವರೆಗೆ ಇದೊಂದನ್ನೇ ಆಡಿ. ನಿಮ್ಮ ತಂಡ ಎಡವಿದ್ದು ಬಹುಶಃ ಇಲ್ಲೇ: ಮೊದಲ ಸರಣಿ ಗಟ್ಟಿಯಾಗುವ ಮುಂಚೆ ಎರಡನೆಯದನ್ನು ತಂದಿರುತ್ತೀರಿ.

ಎರಡನೆಯದು ಪ್ರಾಣಿಗಳದ್ದಿರಲಿ. ಮತ್ತೆ ಕೈ ಎತ್ತಿ ಹೊಸದಾಗಿ ಕಟ್ಟಿ. ಬಣ್ಣ ಯಾರಿಗೆ ಕೊಟ್ಟಿದ್ದಿರೋ ಅವರಿಗೇ ಪ್ರಾಣಿಯನ್ನೂ ಕೊಡುವಂತಿಲ್ಲ. ಇದನ್ನೂ ಒಂಟಿಯಾಗಿ ನಾಲ್ಕು ಸುತ್ತು ಓಡಿಸಿ. ಆಮೇಲೆ ಬಣ್ಣ ಶುರು ಮಾಡಿ, ಅದು ಒಂದು ಸುತ್ತು ಮುಗಿಸುವಾಗ ಪ್ರಾಣಿಯನ್ನು ಬಿಡಿ. ಎರಡೂ ನೆಮ್ಮದಿಯಾಗಿ ಓಡತೊಡಗಿದ ಮೇಲೆ ಮೂರನೆಯದು, ನಡಿಗೆಯ ಸರಣಿ. ಇದರಲ್ಲಿ ಮಾತಿಲ್ಲ. ಒಬ್ಬರು ತನ್ನವರ ಜಾಗದತ್ತ ನಡೆಯುತ್ತಾರೆ, ಅವರು ತಲುಪುವ ಮೊದಲು ಅಲ್ಲಿದ್ದವರು ಜಾಗ ಬಿಟ್ಟು ತನ್ನ ಮುಂದಿನವರತ್ತ ಹೊರಡಬೇಕು. ಈಗ ಮಜಾ: ಜನ ಜಾಗ ಬದಲಿಸುತ್ತಿದ್ದಾರೆ, ಬಣ್ಣವೂ ಪ್ರಾಣಿಯೂ ಅವರನ್ನು ಹುಡುಕಿಕೊಂಡು ಹೋಗಬೇಕು. 'ನನ್ನ ಬಲಕ್ಕೆ ಮೂರನೆಯವರು' ಎಂದು ನೆನಪಿಟ್ಟುಕೊಂಡಿದ್ದವರೆಲ್ಲ ಇಲ್ಲಿ ಮುಖ ನೋಡಲು ಶುರು ಮಾಡುತ್ತಾರೆ. ಆಟ ಇರುವುದೇ ಅದಕ್ಕಾಗಿ.

ಎಲ್ಲಿ ಕೆಡುತ್ತದೆ? ಎರಡು ಸರಣಿಗಳು ಒಂದೇ ಗಳಿಗೆಗೆ ಒಬ್ಬರ ಬಳಿ ಬಂದಾಗ. ಎಡದಿಂದ 'ಹಸಿರು', ಎದುರಿನಿಂದ 'ಆನೆ'. ಅವರು ಹಸಿರನ್ನು ಹಿಡಿಯುತ್ತಾರೆ, ಆನೆ ನೆಲಕ್ಕೆ ಬೀಳುತ್ತದೆ. ಆನೆ ಕಳಿಸಿದವರಿಗೆ ತನ್ನ ಕೆಲಸ ಮುಗಿಯಿತೆಂಬ ಸಮಾಧಾನ, ಆಗಲೇ ಬೇರೆ ಕಡೆ ತಿರುಗಿರುತ್ತಾರೆ. ಹಾಗಾಗಿ ಒಂದು ನಿಯಮವನ್ನು ಬಿಗಿಯಾಗಿ ಹಿಡಿಯಿರಿ: ತಲುಪುವವರೆಗೆ ಹೊಣೆ ಕಳಿಸಿದವರದು. 'ಆನೆ' ಎಂದ ಮೇಲೆ, ಅವರು ಅದನ್ನು ಮುಂದಕ್ಕೆ ದಾಟಿಸಿದ್ದು ಕಾಣುವವರೆಗೆ ಕಣ್ಣು ತೆಗೆಯಬೇಡಿ. ದಾಟಿಸದಿದ್ದರೆ ಮತ್ತೆ 'ಆನೆ', ಬೇಕಾದರೆ ಮೂರನೇ ಸಲವೂ 'ಆನೆ'. ದೃಶ್ಯದಲ್ಲೂ ಒಬ್ಬರು ಕೊಟ್ಟ ಸುಳಿವು ಜೊತೆಗಾರನಿಗೆ ತಲುಪಿತೇ ಎಂದು ನೋಡುವ ಅಭ್ಯಾಸ ಇಲ್ಲಿಂದಲೇ ಬರುತ್ತದೆ.

ಸರಣಿಗಳು ಹೆಚ್ಚಿದಂತೆ ದನಿಗಳೂ ಏರುತ್ತವೆ. ಒಬ್ಬರು ಕೂಗಿದರೆ ಪಕ್ಕದವರು ಇನ್ನೂ ಜೋರಾಗಿ ಕೂಗುತ್ತಾರೆ, ಕೊನೆಗೆ ಯಾರಿಗೂ ಏನೂ ಕೇಳಿಸುವುದಿಲ್ಲ. ಆಟ ನಿಲ್ಲಿಸದೆಯೇ 'ಅರ್ಧ ದನಿ' ಎಂದು ಹೊರಗಿನಿಂದ ಹೇಳಿ. ದನಿ ತಗ್ಗಿದ ಕೂಡಲೇ ಕಣ್ಣುಗಳು ಚುರುಕಾಗುತ್ತವೆ.

ಲೆಕ್ಕ ತಪಾಸಣೆಗೆ ಒಂದು ಉಪಾಯವಿದೆ. ನಡುವೆ ಯಾವಾಗಲಾದರೂ 'ನಿಲ್ಲಿ' ಎಂದು ಕೂಗಿ, 'ಯಾರ ಬಳಿ ಏನಿದೆ?' ಎಂದು ಕೇಳಿ. ಬಣ್ಣ, ಪ್ರಾಣಿ, ನಡಿಗೆ ಪ್ರತಿಯೊಂದಕ್ಕೂ ಒಬ್ಬೊಬ್ಬರು ಉತ್ತರಿಸಬೇಕು. ಒಂದಕ್ಕೆ ಯಾರೂ ಇಲ್ಲವೆಂದರೆ ಅದು ಬಿದ್ದುಹೋಗಿದೆ. ಅದನ್ನು ಕೊನೆಯದಾಗಿ ಹಿಡಿದ ನೆನಪಿರುವವರು ಅಲ್ಲಿಂದಲೇ ಎತ್ತಿಕೊಳ್ಳಲಿ. ಒಂದಕ್ಕೆ ಇಬ್ಬರು ಕೈ ಎತ್ತಿದರೆ, ಮತ್ತೆ ಮತ್ತೆ ಕಳಿಸುವ ಆತುರದಲ್ಲಿ ಅದು ಎರಡಾಗಿದೆ. ಯಾರ ಕೈಯಲ್ಲಿ ಬಿತ್ತು ಎಂಬ ವಿಚಾರಣೆ ಮಾತ್ರ ಬೇಡ. ಬಿದ್ದ ಸರಣಿ ಇಡೀ ವೃತ್ತದ್ದು.

ಮೂರೂ ಸರಣಿ ಕಟ್ಟಿ ಓಡಿಸಲು ಮೊದಲ ಸಲ ಇಪ್ಪತ್ತು ನಿಮಿಷ ಬೇಕಾದೀತು. ಅಭ್ಯಾಸವಾದ ತಂಡಕ್ಕೆ ಹತ್ತು ಸಾಕು. ಪ್ರತಿ ಸಲವೂ ಹೊಸ ಸರಣಿ ಕಟ್ಟಿ, ಹಳೆಯದನ್ನು ಉಳಿಸಿಕೊಂಡರೆ ಅದೂ ಜಿಪ್-ಜ್ಯಾಪ್-ಜಾಪ್‌ನ ದಾರಿ ಹಿಡಿಯುತ್ತದೆ.

ಪ್ರಶ್ನೆ: ಒಬ್ಬ ಹುಡುಗಿ ತಪ್ಪಿದಾಗಲೆಲ್ಲ 'ಸಾರಿ, ಸಾರಿ' ಅನ್ನುತ್ತಾಳೆ. ಮಿಕ್ಕವರು ನಗುತ್ತಾರೆ. ಅವಳು ಮುಂದಿನ ಸುತ್ತಿನಲ್ಲಿ ಇನ್ನೂ ತಪ್ಪುತ್ತಾಳೆ. ತಪ್ಪಿದಾಗ ಎಲ್ಲರೂ ಚಪ್ಪಾಳೆ ತಟ್ಟಿ ಎಂದರೆ ಸರಿಹೋದೀತೆ?

ಉತ್ತರ: ಅರ್ಧ ಸರಿಹೋದೀತು. ಇಂಪ್ರೊವ್ ಕಲಿಸಿದ ಹಿರಿಯರಲ್ಲಿ ಒಬ್ಬರಾದ ಕೀತ್ ಜಾನ್‌ಸ್ಟನ್ (1933–2023) ಸೋತಾಗಲೂ ಲವಲವಿಕೆಯಿಂದ ಇರುವುದನ್ನು ನಟರಿಗೆ ಅಭ್ಯಾಸ ಮಾಡಿಸುತ್ತಿದ್ದರು. ತಪ್ಪಿದವರು ಎರಡೂ ಕೈ ಮೇಲೆತ್ತಿ 'ಮತ್ತೆ!' ಎನ್ನುವುದು, ಎಲ್ಲರೂ ಒಟ್ಟಿಗೆ ಅದನ್ನೇ ಮಾಡುವುದು, ಇವು ಇಂದು ಬಹಳ ತಂಡಗಳಲ್ಲಿ ರೂಢಿ. ಕೈ ಮೇಲೆ ಹೋದಾಗ ಕುಗ್ಗಿದ ಎದೆ ತೆರೆದುಕೊಳ್ಳುತ್ತದೆ, ಮೈ ಮತ್ತೆ ಆಟಕ್ಕೆ ಸಿದ್ಧವಾಗುತ್ತದೆ.

ಆದರೆ ಚಪ್ಪಾಳೆ ಉದ್ದವಾದರೆ ತಪ್ಪೇ ದೊಡ್ಡ ಸಂಗತಿಯಾಗಿಬಿಡುತ್ತದೆ. ಐದು ಸೆಕೆಂಡು ಎಲ್ಲರ ಕಣ್ಣು ತನ್ನ ಮೇಲಿರುವುದು ಸಂಕೋಚದ ಹುಡುಗಿಗೆ ಬಹುಮಾನವಲ್ಲ, ಶಿಕ್ಷೆ. ಒಂದು ಕ್ಷಣದಲ್ಲಿ ಮುಗಿಸಿ. 'ಸಾರಿ' ಪದವನ್ನು ಅವಳೊಬ್ಬಳಿಗೆ ಬೇಡ ಅನ್ನದೆ ಇಡೀ ತಂಡದಿಂದಲೇ ತೆಗೆದುಹಾಕಿ. ಸಾರಿ ಅನ್ನುವಷ್ಟು ಹೊತ್ತು ಅವರ ಗಮನ ವೃತ್ತದಿಂದ ಹೊರಗೆ ಹೋಗಿರುತ್ತದೆ, ಆ ಹೊತ್ತಿನಲ್ಲೇ ಮುಂದಿನ ಚೆಂಡು ಬಂದು ಬೀಳುತ್ತದೆ. ಅವಳು ಮತ್ತೆ ಮತ್ತೆ ತಪ್ಪುತ್ತಿರುವುದು ಇದರಿಂದ. ನಗುವವರ ಬಗ್ಗೆಯೂ ಒಂದು ಮಾತು. ಅವಳಿಗೆ ಚೆಂಡು ಕಳಿಸಿದವರು ಕಣ್ಣು ಕೂಡಿಸಿ ಕಳಿಸಿದ್ದರೇ ಎಂದು ಒಂದೆರಡು ಸುತ್ತು ಗಮನಿಸಿ. ಸದಾ ತಪ್ಪುವವರೆಂದು ಹೆಸರಾದವರಿಗೆ ಮಿಕ್ಕವರು ಅಸಡ್ಡೆಯಿಂದ ಎಸೆಯುವುದು ಎಷ್ಟೋ ತಂಡಗಳಲ್ಲಿ ಇದೆ. ಅದನ್ನು ತಿದ್ದದೆ ಚಪ್ಪಾಳೆ ತಟ್ಟಿಸಿ ಫಲವಿಲ್ಲ.

ಪ್ರಶ್ನೆ: ಕನ್ನಡಿ ಆಟದಲ್ಲಿ ನಮ್ಮವರು ಕಿಸಿಕಿಸಿ ನಗುತ್ತಾರೆ, ಇಲ್ಲವೇ ಒಬ್ಬರನ್ನೊಬ್ಬರು ಏಮಾರಿಸಲು ನೋಡುತ್ತಾರೆ.

ಉತ್ತರ: ರಂಗದ ಆಟಗಳನ್ನು ಒಂದು ಪದ್ಧತಿಯಾಗಿ ಕಟ್ಟಿದ ಅಮೆರಿಕದ ವಯೋಲಾ ಸ್ಪೋಲಿನ್ (1906–1994) ಅವರಿಂದ ಈ ಆಟ ಜಗತ್ತಿನಾದ್ಯಂತ ಹರಡಿತು. ಪ್ರತಿ ಆಟದಲ್ಲೂ ಆಡುವವರ ಗಮನಕ್ಕೆ ಒಂದೇ ಒಂದು ನೆಲೆ ಕೊಡಬೇಕು ಎಂಬುದು ಅವರ ಪದ್ಧತಿಯ ತಿರುಳು. ನಿಮ್ಮವರಿಗೆ ಆ ನೆಲೆ ಸಿಕ್ಕಿಲ್ಲ, ಅದಕ್ಕೇ ನಗು.

ಇಬ್ಬರು ಎರಡು ಮೂರು ಅಡಿ ದೂರದಲ್ಲಿ ಎದುರುಬದುರು ನಿಲ್ಲಲಿ. ಒಬ್ಬರು ಚಲಿಸುತ್ತಾರೆ, ಇನ್ನೊಬ್ಬರು ಕನ್ನಡಿಯಾಗುತ್ತಾರೆ. ಮುನ್ನಡೆಸುವವರಿಗೆ ಹೇಳಬೇಕಾದ್ದು ಒಂದೇ: ಹೊರಗಿನಿಂದ ನೋಡುವವರಿಗೆ ಯಾರು ಮುನ್ನಡೆಸುತ್ತಿದ್ದಾರೆ ಎಂಬುದು ಗೊತ್ತಾಗಬಾರದು. ಈ ಮಾತು ಹೇಳಿದ ಮೇಲೆ ಏಮಾರಿಸುವವರು ತಾವಾಗಿ ನಿಧಾನವಾಗುತ್ತಾರೆ, ಯಾಕೆಂದರೆ ಜೊತೆಗಾರ ಹಿಂದೆ ಬಿದ್ದರೆ ಇಬ್ಬರೂ ಸೋತಂತೆ. ಕಣ್ಣು ಕೈಯ ಬೆನ್ನು ಹತ್ತಬಾರದು. ಕೈ ನೋಡಿದರೆ ಕೈ ಮಾತ್ರ ಕಾಣುತ್ತದೆ, ಮೊಣಕಾಲು ಬಾಗಿದ್ದು ತಪ್ಪಿಹೋಗುತ್ತದೆ. ನಗು ಬರುವವರು ಕಣ್ಣಿನ ಬದಲು ಎದುರಿನವರ ಕೊರಳ ಬುಡದ ಕಡೆ ನೋಟ ಇಡಲಿ, ಅಲ್ಲಿಂದ ಇಡೀ ಮೈ ಕಾಣುತ್ತದೆ, ಮುಜುಗರವೂ ತಗ್ಗುತ್ತದೆ.

ಒಂದು ನಿಮಿಷ ಒಬ್ಬರು, ಒಂದು ನಿಮಿಷ ಇನ್ನೊಬ್ಬರು. ಆಮೇಲೆ ಆಟ ನಿಲ್ಲಿಸದೆ 'ಬದಲಿಸಿ, ಬದಲಿಸಿ' ಎಂದು ಹತ್ತು ಸೆಕೆಂಡಿಗೊಮ್ಮೆ ಹೇಳಿ, ಕೊನೆಗೆ 'ಇಬ್ಬರೂ ಹಿಂಬಾಲಿಸಿ' ಎನ್ನಿ. ಈಗ ಯಾರೂ ಮುಂದಾಳಲ್ಲ. ಎದುರಿನವರ ಸಣ್ಣ ಅಲುಗಾಟವೂ ಇವರಿಗೆ ಚಲನೆಯಾಗುತ್ತದೆ, ಇವರದು ಅವರಿಗೆ. ಇಬ್ಬರೂ ಕಲ್ಲಿನಂತೆ ನಿಂತುಬಿಟ್ಟರೆ ಗಾಬರಿ ಬೇಡ, ಉಸಿರಾಟ ನಡೆಯುತ್ತಿರುತ್ತದೆ, 'ಉಸಿರನ್ನು ಹಿಂಬಾಲಿಸಿ' ಎನ್ನಿ, ಅಲ್ಲಿಂದ ಭುಜ ಅಲುಗುತ್ತದೆ. ಈ ಭಾಗಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ, ದಣಿಸುತ್ತದೆ.

ಪ್ರಶ್ನೆ: ನಾವು ಇರುವುದೇ ಮೂರು ಜನ. ನಮಗೆ ಯಾವ ಆಟ?

ಉತ್ತರ: ಎಣಿಕೆಯದೇ ಇನ್ನೊಂದು ಆಟ. ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೊ ಬೋಆಲ್ (1931–2009) ತಮ್ಮ ಕಮ್ಮಟಗಳಲ್ಲಿ ಜೋಡಿಗಳಿಗೆ ಆಡಿಸುತ್ತಿದ್ದ ಆಟ ಇದು: ಇಬ್ಬರು ಒಬ್ಬರಾದ ಮೇಲೊಬ್ಬರು ಒಂದು, ಎರಡು, ಮೂರು ಎಣಿಸುತ್ತ ಹೋಗುವುದು. ಸ್ವಲ್ಪ ಹೊತ್ತಿಗೆ 'ಒಂದು' ಬದಲು ಚಪ್ಪಾಳೆ, ಆಮೇಲೆ 'ಎರಡು' ಬದಲು ಕಾಲು ಕುಟ್ಟುವುದು, ಕೊನೆಗೆ 'ಮೂರು' ಬದಲು ಇನ್ನೊಂದು ಸನ್ನೆ.

ನೀವು ಮೂವರು ಮೂರರವರೆಗೆ ಎಣಿಸಿದರೆ ಆಟವೇ ಇಲ್ಲ, ಪ್ರತಿಯೊಬ್ಬರಿಗೂ ಸದಾ ಅದೇ ಸಂಖ್ಯೆ ಬರುತ್ತದೆ. ನಾಲ್ಕರವರೆಗೆ ಎಣಿಸಿ. ಆಗ ಮೊದಲನೆಯವರಿಗೆ ಒಂದು, ಆಮೇಲೆ ನಾಲ್ಕು, ಆಮೇಲೆ ಮೂರು, ಹೀಗೆ ಸುತ್ತು ಸುತ್ತಿಗೂ ಬದಲಾಗುತ್ತದೆ. ಒಂದು ಸಂಖ್ಯೆಯನ್ನು ಸನ್ನೆಗೆ ಬದಲಿಸಿದ ಮೇಲೆ ಸುಮಾರು ಮೂವತ್ತು ಸೆಕೆಂಡು ಎಡವದೆ ನಡೆದರೆ ಮಾತ್ರ ಮುಂದಿನದನ್ನು ಬದಲಿಸಿ. ಎಲ್ಲ ಸಂಖ್ಯೆಗಳೂ ಹೋದ ಮೇಲೆ ಆಟ ಸುಲಭವಾದಂತೆ ತೋರುತ್ತದೆ. ಹೆಚ್ಚು ಎಡವುವುದು ನಡುವಿನ ಹಂತದಲ್ಲಿ, ಅರ್ಧ ಮಾತು ಅರ್ಧ ಸನ್ನೆ ಇದ್ದಾಗ. ಅಲ್ಲೇ ಹೆಚ್ಚು ಹೊತ್ತು ಕಳೆಯಿರಿ.

ಪ್ರಶ್ನೆ: ನಮ್ಮಲ್ಲಿ ಒಬ್ಬರಿಗೆ ಕಿವಿ ಸರಿಯಾಗಿ ಕೇಳಿಸುವುದಿಲ್ಲ, ಇನ್ನೊಬ್ಬರು ಗಾಲಿಕುರ್ಚಿ ಬಳಸುತ್ತಾರೆ. ಆಟಗಳನ್ನು ಬದಲಿಸಬೇಕೆ?

ಉತ್ತರ: ಆಟ ಅದೇ, ಸಂಕೇತ ಬೇರೆ. ಶಬ್ದದ ಜೊತೆ ಕಣ್ಣು ಮತ್ತು ದೊಡ್ಡ ಸನ್ನೆ ಕಡ್ಡಾಯ ಮಾಡಿದರೆ ಮೇಲಿನ ಬಹುಪಾಲು ಆಟ ನಡೆಯುತ್ತದೆ. ಇಪ್ಪತ್ತರ ಎಣಿಕೆಯ ಆಟದಲ್ಲಿ ಮಾತ್ರ ನೆಲ ನೋಡುವುದನ್ನು ಬಿಟ್ಟು, ಸಂಖ್ಯೆ ಹೇಳುವವರು ಅರ್ಧ ಹೆಜ್ಜೆ ಅಥವಾ ಕೈ ಮುಂದಿಡುವಂತೆ ಮಾಡಿ. ಕಿವಿ ಸರಿಯಾಗಿ ಕೇಳಿಸದವರಿಗೆ ಬೆಳಕು ಎದುರಿನಿಂದ ಬೀಳದಂತೆ ಜಾಗ ಕೊಡಿ, ಬೆಳಕಿಗೆ ಬೆನ್ನು ಮಾಡಿ ನಿಂತವರ ತುಟಿ ಕಾಣುವುದಿಲ್ಲ. ಗಾಲಿಕುರ್ಚಿಯವರಿರುವ ವೃತ್ತದಲ್ಲಿ ಅರ್ಧ ಜನ ಕೂತು ಆಡಲಿ, ಕಣ್ಣುಗಳ ಮಟ್ಟ ಕೂಡಿಬರುತ್ತದೆ. ನಡಿಗೆಯ ಸರಣಿಗೆ ವೃತ್ತವನ್ನು ಅಗಲ ಮಾಡಿ, ಕುರ್ಚಿ ತಿರುಗಲು ಜಾಗ ಬಿಡಿ, ವೇಗವನ್ನು ಆ ಚಕ್ರದ ವೇಗಕ್ಕೆ ಹೊಂದಿಸಿ. ಇವರಿಬ್ಬರಿಗೆ ಏನು ಅನುಕೂಲ ಎಂಬುದನ್ನು ಮೊದಲು ಅವರನ್ನೇ ಕೇಳಿ.

ಪ್ರಶ್ನೆ: ಪ್ರದರ್ಶನಕ್ಕೆ ಮುಂಚೆ ಇಪ್ಪತ್ತು ನಿಮಿಷ ಸಿಗುತ್ತದೆ. ಯಾವ ಆಟ, ಯಾವ ಕ್ರಮದಲ್ಲಿ?

ಉತ್ತರ: ಹೊಸ ಆಟ ಯಾವುದೂ ಬೇಡ. ನಿಯಮ ಅರ್ಥಮಾಡಿಕೊಳ್ಳುವುದರಲ್ಲೇ ತಲೆ ದಣಿಯುತ್ತದೆ. ಮೂರು ಸರಣಿಗಳ ಆಟವೂ ಬೇಡ, ಅದು ಕುಸಿದರೆ ಆ ಕಹಿ ರಂಗಕ್ಕೂ ಬರುತ್ತದೆ.

ಮೊದಲ ಐದು ನಿಮಿಷ ನಡಿಗೆ. ಎಲ್ಲರೂ ಜಾಗದ ತುಂಬ ನಡೆಯಲಿ, ಖಾಲಿ ಕಂಡ ಕಡೆಗೆ ಹೋಗಲಿ. ಯಾರಾದರೊಬ್ಬರು ನಿಂತರೆ ಎಲ್ಲರೂ ನಿಲ್ಲಬೇಕು, ಯಾರಾದರೊಬ್ಬರು ಹೊರಟರೆ ಎಲ್ಲರೂ ಹೊರಡಬೇಕು, ಮಾತಿಲ್ಲದೆ. ಮೈಯೂ ಬಿಸಿಯಾಗುತ್ತದೆ, ಬೆನ್ನ ಹಿಂದಿನವರ ಅರಿವೂ ಮೂಡುತ್ತದೆ. ನಂತರ ನಾಲ್ಕು ನಿಮಿಷ ಶಬ್ದದ ಚೆಂಡು, ದನಿ ತೆರೆಯಲು. ಆಮೇಲೆ ಐದಾರು ನಿಮಿಷ ಕಾಣದ ಚೆಂಡುಗಳು. 'ಕೆಂಪು ಚೆಂಡು' ಎಂದು ಒಬ್ಬರನ್ನು ನೋಡಿ ಎಸೆಯುವುದು, ಹಿಡಿದವರು 'ಕೆಂಪು ಚೆಂಡು, ಥ್ಯಾಂಕ್ಯೂ' ಎಂದ ಮೇಲೆ ಮುಂದಕ್ಕೆ ಎಸೆಯುವುದು. ಒಂದೊಂದಾಗಿ ಹಸಿರು, ಹಳದಿ ಸೇರಿಸಿ. ಹತ್ತು ಜನಕ್ಕೆ ನಾಲ್ಕು ಚೆಂಡು ಸಾಕು. ಚೆಂಡಿನ ಗಾತ್ರ ಕೈಯಿಂದ ಕೈಗೆ ಬದಲಾಗುತ್ತಿದ್ದರೆ, ಒಬ್ಬರು ಎರಡೂ ಕೈಯಲ್ಲಿ ಎಸೆದದ್ದನ್ನು ಇನ್ನೊಬ್ಬರು ಎರಡು ಬೆರಳಲ್ಲಿ ಹಿಡಿಯುತ್ತಿದ್ದರೆ, ಅವರು ಪದ ಕೇಳುತ್ತಿದ್ದಾರೆ, ಮನುಷ್ಯನನ್ನು ನೋಡುತ್ತಿಲ್ಲ. ಕೊನೆಗೆ ಎಣಿಕೆ. ಗುರಿ ಇಪ್ಪತ್ತಲ್ಲ, ಹತ್ತು ಇರಲಿ, ಗೆದ್ದು ಒಳಗೆ ಹೋಗುವಂತಿರಲಿ. ಉಳಿದ ಮೂರ್ನಾಲ್ಕು ನಿಮಿಷ ನೀರಿಗೆ, ವೇಷಕ್ಕೆ.

ಪ್ರಶ್ನೆ: ಆಟದ ನಡುವೆ ತಡವಾಗಿ ಬಂದವರನ್ನು ಸೇರಿಸಿಕೊಳ್ಳಬಹುದೆ?

ಉತ್ತರ: ಶಬ್ದದ ಚೆಂಡಿಗೆ, ನಡಿಗೆಗೆ ಯಾವಾಗ ಬೇಕಾದರೂ. ಎಣಿಕೆಯ ಆಟಕ್ಕೆ ಸುತ್ತು ಮುರಿದಾಗ. ಸರಣಿಗೆ ನಡುವೆ ಸೇರಿಸಲಾಗದು. ಓಡುತ್ತಿರುವುದನ್ನು ಮುಗಿಸಿ, ಮುಂದಿನ ಸರಣಿ ಕಟ್ಟುವಾಗ ಅವರಿಂದಲೇ ಶುರು ಮಾಡಿ. ಅಷ್ಟು ಹೊತ್ತು ಅವರು ಹೊರಗೆ ನಿಂತು, ಎಷ್ಟು ಸರಣಿಗಳು ಜೀವಂತ ಇವೆ ಎಂದು ಲೆಕ್ಕ ಇಡಲಿ.